ಪಾಚಿ ಓಡಿಸಲು ಪಾಚಿ ಬೆಳೆಸಿದ ಕಥೆ: ಉಪ್ಪುನೀರಿನ ಟ್ಯಾಂಕಿನಲ್ಲಿ ನಾಲ್ಕು ಉಪಾಯಗಳ ಹೋಲಿಕೆ

ದಾವಣಗೆರೆಯಲ್ಲಿ ಹವಳ ಸಾಕುತ್ತೇನೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಸಮುದ್ರದ ನೀರು ಎಲ್ಲಿಂದ ತರುತ್ತೀರಿ ಎಂದು ಕೇಳುತ್ತಾರೆ. ನೀರು ತರುವುದಿಲ್ಲ, ಉಪ್ಪು ಬಕೆಟ್ಟಿನಲ್ಲಿ ಬರುತ್ತದೆ, ಕಲಸಿಕೊಳ್ಳುತ್ತೇನೆ. ಅದು ಸುಲಭದ ಕೆಲಸ. ನಿದ್ದೆಗೆಡಿಸಿದ್ದು ಪಾಚಿ.

ವಿದ್ಯಾನಗರದ ನಮ್ಮ ಮನೆಯ ಹಾಲ್‌ನಲ್ಲಿರುವ ಟ್ಯಾಂಕ್ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಕೆಳಗಿನ ಸಂಪ್, ಅಂದರೆ ನೀರು ಶೋಧಿಸುವ ಪೆಟ್ಟಿಗೆ ಸೇರಿಸಿ, ಕಲ್ಲು ಮರಳಿನ ಜಾಗ ಕಳೆದರೆ ಸುಮಾರು 200 ಲೀಟರ್ ನೀರು. ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು, ಒಂದಷ್ಟು ಜೊವಾಂಥಿಡ್ ಮತ್ತು ಮಶ್ರೂಮ್ ಎಂಬ ಮೆತ್ತನೆಯ ಹವಳ. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯ ರಕ್ಷಣೆ ಇರುವುದರಿಂದ ಆ ಗೊಡವೆಗೆ ಹೋಗಿಲ್ಲ. ಕಲ್ಲು ಕೂಡ ಕಡಲಿನದಲ್ಲ, ಎರಕ ಹೊಯ್ದ ಕೃತಕ ಕಲ್ಲು. ಮೂರನೆಯ ತಿಂಗಳಿಗೆ ಆ ಕಲ್ಲಿನ ಮೇಲೆ ಬೆರಳುದ್ದದ ಹಸಿರು ಕೂದಲು ಬೆಳೆದಿತ್ತು. ಮೀನು ನೋಡಲು ಬಂದವರು ಹುಲ್ಲು ನೋಡಿಕೊಂಡು ಹೋದರು.

ಎರಡೂವರೆ ವರ್ಷದಲ್ಲಿ ನಾಲ್ಕು ಉಪಾಯ ಮಾಡಿದೆ: ಬಸವನಹುಳು, ಫೆರಿಕ್ ಆಕ್ಸೈಡ್ ಹರಳು, ಚೈಟೊ ಎಂಬ ಇನ್ನೊಂದು ಪಾಚಿ, ಕೊನೆಗೆ ಫ್ಲುಕೊನಜೋಲ್ ಮಾತ್ರೆ. ಅದಕ್ಕೂ ಮೊದಲು ನೀರಿನ ವಿಷಯ ಹೇಳದೆ ಮುಂದೆ ಹೋದರೆ ಹೋಲಿಕೆಯೇ ಸುಳ್ಳಾಗುತ್ತದೆ. ಮೊದಲ ವರ್ಷ ಉಪ್ಪು ಕಲಸಿದ್ದು ಅಡುಗೆಮನೆಯ ಆರ್‌ಒ ನೀರಿನಲ್ಲಿ. ಕುಡಿಯುವ ನೀರು ಸಪ್ಪೆಯಾಗದಿರಲಿ ಎಂದು ಆ ಯಂತ್ರದೊಳಗೆ ಸಣ್ಣದೊಂದು ತಿರುಪು ಇರುತ್ತದೆ. ಶುದ್ಧ ನೀರಿಗೆ ಒಂದಿಷ್ಟು ಕಚ್ಚಾ ನೀರನ್ನು ಬೆರೆಸುವುದು ಅದರ ಕೆಲಸ. ಅಂದರೆ ನಮ್ಮ ಬೋರ್‌ವೆಲ್ಲಿನ ನೀರು ಹಿಂಬಾಗಿಲಿನಿಂದ ಟ್ಯಾಂಕಿಗೆ ಬರುತ್ತಲೇ ಇತ್ತು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಬೋರ್‌ವೆಲ್ ನೀರು 800 ತೋರಿಸಿದರೆ ಅಡುಗೆಮನೆಯದು 110. ತಿರುಪು ಪೂರ್ತಿ ಮುಚ್ಚಿ, ಮುಂದೆ ಉಳಿದ ಲವಣವನ್ನೂ ಹಿಡಿದಿಡುವ ಡಿಅಯೊನೈಸೇಷನ್ ರಾಳದ ಕೊಳವೆ ಜೋಡಿಸಿದ ಮೇಲೆ ಸೊನ್ನೆಗೆ ಇಳಿಯಿತು. ಗಾಜಿನ ಮೇಲೆ ದಿನವೂ ಕೂರುತ್ತಿದ್ದ ಕಂದು ಪುಡಿ, ಅಂದರೆ ಸಿಲಿಕೇಟ್ ತಿಂದು ಬೆಳೆಯುವ ಡಯಾಟಮ್, ಒಂದು ತಿಂಗಳಲ್ಲಿ ಕಾಣೆಯಾಯಿತು. ಹಸಿರು ಕೂದಲು ಮಾತ್ರ ಅಲ್ಲಾಡಲಿಲ್ಲ. ಅದರ ಊಟ ಫಾಸ್ಫೇಟ್ ಮತ್ತು ನೈಟ್ರೇಟ್, ಮೀನಿಗೆ ತಿನ್ನಿಸುವ ನೆಪದಲ್ಲಿ ಆ ಊಟ ಹಾಕುತ್ತಿದ್ದವನು ನಾನೇ.

ಬಸವನಹುಳುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಹನ್ನೆರಡು ಬಂದವು: ಆರು ಟರ್ಬೊ ಜಾತಿಯವು, ಆರು ಆಸ್ಟ್ರೇಯಾ ಜಾತಿಯವು. ಟರ್ಬೊಗಳು ಗಿಡ್ಡ ಪಾಚಿಯನ್ನು ಕುರಿ ಮೇಯ್ದಂತೆ ಮೇಯುತ್ತವೆ, ಉದ್ದನೆಯದನ್ನು ಮೂಸಿಯೂ ನೋಡುವುದಿಲ್ಲ. ಆಸ್ಟ್ರೇಯಾ ಮರಳಿನ ಮೇಲೆ ಅಂಗಾತ ಬಿದ್ದರೆ ತಾನಾಗಿ ಏಳಲಾರದು. ಬೆಳಿಗ್ಗೆ ಕಾಫಿಗೆ ಮೊದಲು ಅವುಗಳನ್ನು ಎಬ್ಬಿಸಿ ನಿಲ್ಲಿಸುವುದೇ ನನಗೊಂದು ನಿತ್ಯಕರ್ಮವಾಯಿತು. ಕಲ್ಲಿಗೆ ಅಂಟಿಸದ ಹವಳದ ತುಂಡುಗಳನ್ನು ಟರ್ಬೊಗಳು ಬುಲ್ಡೋಜರಿನಂತೆ ನೂಕಿ ಕೆಡವಿದವು. ತಿಂದದ್ದನ್ನು ಹಿಕ್ಕೆಯಾಗಿ ಅದೇ ನೀರಿಗೆ ಬಿಡುತ್ತಿದ್ದವಾದ್ದರಿಂದ ಫಾಸ್ಫೇಟ್ ಒಂದು ಚೂರೂ ಇಳಿಯಲಿಲ್ಲ. ಏಪ್ರಿಲ್‌ನಲ್ಲಿ ನೀರಿನ ಬಿಸಿ 31 ಡಿಗ್ರಿ ದಾಟಿದ ವಾರ ಐದು ಸತ್ತವು. ಉಳಿದವು ಈಗಲೂ ಇವೆ, ಗಾಜು ಚೊಕ್ಕಟವಾಗಿಡುತ್ತವೆ. ಅವು ಕಸ ಗುಡಿಸುವವು, ಕಸ ಹೊರಗೆ ಹಾಕುವವಲ್ಲ.

ಫೆರಿಕ್ ಆಕ್ಸೈಡ್ ನನಗೆ ನಿಜವಾದ ಪಾಠ ಕಲಿಸಿತು. ಇದು ಕಬ್ಬಿಣದ ಆಕ್ಸೈಡಿನ ಹರಳು. ರಿಯಾಕ್ಟರ್ ಎಂಬ ಸಣ್ಣ ಕೊಳವೆಯಲ್ಲಿ ತುಂಬಿ ನೀರು ಹಾಯಿಸಿದರೆ ಫಾಸ್ಫೇಟ್ ಅದಕ್ಕೆ ಅಂಟಿಕೊಳ್ಳುತ್ತದೆ. ಮೊದಲ ಸಲ ತೊಳೆದಾಗ ಬಂದ ನೀರು ಪಕ್ಕದ ಚಿತ್ರದುರ್ಗದ ಅದಿರು ಲಾರಿಯ ಬಣ್ಣದ್ದು, ಬಚ್ಚಲ ಟೈಲ್ಸಿನ ಕಲೆ ಇನ್ನೂ ಹೋಗಿಲ್ಲ. ಆದರೆ ಕೆಲಸ ಮಾಡಿತು, ವೇಗವಾಗಿಯೂ ಮಾಡಿತು. 0.3 ಪಿಪಿಎಂ, ಅಂದರೆ ಲೀಟರಿಗೆ ಸುಮಾರು 0.3 ಮಿಲಿಗ್ರಾಂ ಇದ್ದ ಫಾಸ್ಫೇಟ್ ಹತ್ತು ದಿನದಲ್ಲಿ ಪರೀಕ್ಷೆಯಲ್ಲಿ ಕಾಣದಷ್ಟಾಯಿತು. ಹಸಿರು ಕೂದಲು ಬಿಳಿಚಿಕೊಂಡು ಉದುರಿತು. ಹರಳು ಬದಲಾಯಿಸುವುದು ತಡವಾದಾಗಲೆಲ್ಲ ಕಲ್ಲು ಮತ್ತು ಮರಳಿನಲ್ಲಿ ಅಡಗಿದ್ದ ಫಾಸ್ಫೇಟ್ ನೀರಿಗೆ ಇಳಿದು ಅಂಕೆ ಮತ್ತೆ ಏರುತ್ತಿತ್ತು. ಅದಕ್ಕಾಗಿ ಇನ್ನಷ್ಟು ಹರಳು ತುಂಬಿದೆ. ತಪ್ಪಾದದ್ದು ಅಲ್ಲೇ.

ನಾಲ್ಕನೆಯ ವಾರ ಜೊವಾಂಥಿಡ್‌ಗಳು ಬಾಯಿ ಮುಚ್ಚಿಕೊಂಡವು. ಆರನೆಯ ವಾರ ಮರಳಿನ ಮೇಲೆ ಕಂದು ಬಣ್ಣದ ಲೋಳೆ, ಎಳೆಎಳೆಯಾಗಿ, ತುದಿಯಲ್ಲಿ ಗುಳ್ಳೆ ಹೊತ್ತುಕೊಂಡು. ರಾತ್ರಿ ತೆಳುವಾಗುತ್ತದೆ, ಮಧ್ಯಾಹ್ನಕ್ಕೆ ಮತ್ತೆ ದಟ್ಟ. ಇದು ಡೈನೊಫ್ಲಾಜೆಲೇಟ್ ಎಂಬ ಏಕಕೋಶದ ಪಾಚಿ. ಫಾಸ್ಫೇಟ್, ನೈಟ್ರೇಟ್ ಎರಡೂ ತಳ ಕಂಡ ಟ್ಯಾಂಕಿನಲ್ಲಿ ಉಳಿದ ಪಾಚಿಗಳು ಹಸಿದು ಬೀಳುತ್ತವೆ, ಇದಕ್ಕೆ ಜಾಗ ಬಿಟ್ಟುಕೊಡುತ್ತವೆ. ಇದರ ಮುಂದೆ ಹಸಿರು ಕೂದಲು ಸಾಧು ಪ್ರಾಣಿ. ಹರಳು ಕಿತ್ತೆಸೆದೆ, ಮೀನಿಗೆ ಬೇಕೆಂದೇ ಹೆಚ್ಚು ತಿನ್ನಿಸಿದೆ, ಯುವಿ ದೀಪ ಜೋಡಿಸಿದೆ. ಸರಿಹೋಗಲು ಎರಡು ತಿಂಗಳು ಹಿಡಿಯಿತು. ಈಗ ಫಾಸ್ಫೇಟ್ 0.03ರಿಂದ 0.1ರ ನಡುವೆ ಇದ್ದರೆ ಸಾಕು ಎನ್ನುತ್ತೇನೆ. ಆಗ ಸೊನ್ನೆ ನೋಡಿ ಹಿಗ್ಗಿದ್ದೆ.

ಆ ಬೇಸರದಲ್ಲೇ ಚೈಟೊಗೆ ಬಂದೆ. ಪಾತ್ರೆ ತಿಕ್ಕುವ ಹಸಿರು ನೈಲಾನ್ ನಾರಿನ ಉಂಡೆಯಂತಿರುವ ಪಾಚಿ ಇದು. ಎಲ್ಲಿಯೂ ಬೇರು ಬಿಡುವುದಿಲ್ಲ, ಸುಮ್ಮನೆ ಹೊರಳುತ್ತಾ ದಪ್ಪಗಾಗುತ್ತದೆ. ಸಂಪಿನ ಒಂದು ಕೋಣೆಯಲ್ಲಿ ಅದನ್ನಿಟ್ಟು, ಮೇಲಿನ ಟ್ಯಾಂಕಿನ ದೀಪ ಆರಿದ ಮೇಲೆ ಅದರ ದೀಪ ಹೊತ್ತಿಸಬೇಕು. ರಾತ್ರಿ ನೀರಿನ ಪಿಎಚ್ ಕುಸಿಯದಂತೆ ತಡೆಯುವ ಲಾಭವೂ ಸಿಗುತ್ತದೆ. "ಸಂಪಿಗೆ ದೀಪ ಹಾಕಿಸಿದ್ದೇನೆ" ಎಂದಾಗ ಅಮ್ಮ ಅಂಗಳದ ನೀರಿನ ಸಂಪು ಎಂದೇ ತಿಳಿದು, "ಅಲ್ಲೇನು ಬಿತ್ತೋ?" ಎಂದು ಗಾಬರಿಯಾದರು. ಅಸಲು ಜಾಗ ತೋರಿಸಿದ ಮೇಲೆ ಅವರ ಪ್ರಶ್ನೆ ಇನ್ನೂ ಹರಿತವಾಯಿತು: "ಪಾಚಿ ಹೋಗಲಿ ಅಂತ ಪಾಚಿ ಸಾಕುತ್ತೀಯಾ?"

ಹೌದು, ಅದನ್ನೇ ಮಾಡುತ್ತಿದ್ದೇನೆ. ಫಾಸ್ಫೇಟ್ ಎಲ್ಲೋ ಒಂದು ಕಡೆ ಹಸಿರಾಗಿಯೇ ತೀರುತ್ತದೆ. ಎಲ್ಲಿ ಆಗಬೇಕು ಎನ್ನುವುದನ್ನು ಮಾತ್ರ ನಾನು ನಿರ್ಧರಿಸಬಹುದು. ಮೊದಲ ಐದು ವಾರ ಏನೂ ಆಗಲಿಲ್ಲ, ಎಸೆದುಬಿಡೋಣ ಎನ್ನಿಸಿತ್ತು. ಏಳನೆಯ ವಾರದಿಂದ ಹದಿನೈದು ದಿನಕ್ಕೊಮ್ಮೆ ಎರಡು ಬೊಗಸೆ ಕಿತ್ತು ತೆಗೆಯುತ್ತಿದ್ದೇನೆ. ಕಿತ್ತದ್ದರ ಜೊತೆಗೆ ಅದು ತಿಂದದ್ದೂ ಮನೆಯಿಂದ ಹೊರಗೆ ಹೋಗುತ್ತದೆ. ಮೇಲೆ ಕೂದಲು ಪಾಚಿ ನಾಲ್ಕು ತಿಂಗಳಲ್ಲಿ ಹಲ್ಲುಜ್ಜುವ ಬ್ರಷ್‌ಗೆ ಬಗ್ಗುವಷ್ಟಾಯಿತು. ದೋಷಗಳಿಲ್ಲ ಎಂದಲ್ಲ: ತುಂಡುಗಳು ಪಂಪಿಗೆ ಸಿಕ್ಕಿಕೊಳ್ಳುತ್ತವೆ, ನೈಟ್ರೇಟ್ ಮುಗಿದರೆ ಬೆಳವಣಿಗೆ ನಿಂತು ಕರಗತೊಡಗುತ್ತದೆ.

ಮಾತ್ರೆಯ ಸರದಿ ಬಂದದ್ದು ಕಳೆದ ಮಳೆಗಾಲದಲ್ಲಿ. ಹೊಸ ಹವಳದ ತುಂಡಿನ ಜೊತೆ ಬೇರೊಂದು ಹಸಿರು ಬಂದಿತ್ತು. ಬಿಳಿ ಬಸಿಯ ನೀರಿನಲ್ಲಿ ಹರಡಿ ನೋಡಿದೆ, ಎಳೆಯ ಎರಡೂ ಬದಿಗೆ ಗರಿ. ಬ್ರಯಾಪ್ಸಿಸ್. ಇದು ಕಿತ್ತಷ್ಟೂ ಚಿಗುರುತ್ತದೆ, ಬಸವನಹುಳು ಮುಟ್ಟುವುದಿಲ್ಲ, ಚೈಟೊಗೆ ಸೊಪ್ಪು ಹಾಕುವುದಿಲ್ಲ. ಮನುಷ್ಯರ ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಇದಕ್ಕೆ ಮದ್ದು. ಹವಳ ಸಾಕುವವರು ಬಳಸುವ ಪ್ರಮಾಣ ಲೀಟರಿಗೆ ಸುಮಾರು 5 ಮಿಲಿಗ್ರಾಂ. ನನ್ನ 200 ಲೀಟರಿಗೆ 150 ಮಿಲಿಗ್ರಾಮಿನ ಏಳು ಮಾತ್ರೆ. ಪರಿಚಯದ ಪಶುವೈದ್ಯರು, ಎಮ್ಮೆಗಳ ನಡುವೆಯೇ ವೃತ್ತಿ ಕಳೆದವರು, ಚೀಟಿಯಲ್ಲಿ ರೋಗಿಯ ಜಾಗದಲ್ಲಿ ಏನು ಬರೆಯಲಿ ಎಂದು ಸ್ವಲ್ಪ ಹೊತ್ತು ಯೋಚಿಸಿದರು. ಚೈಟೊವನ್ನು ಬಕೆಟ್ಟಿಗೆ ವರ್ಗಾಯಿಸಿ, ಮದ್ದನ್ನು ಹೀರದಿರಲಿ ಎಂದು ಇದ್ದಿಲಿನ ಚೀಲ ತೆಗೆದು, ಕೊಳೆಯನ್ನು ನೊರೆಯಾಗಿ ಎತ್ತುವ ಸ್ಕಿಮ್ಮರ್ ನಿಲ್ಲಿಸಿ ಮಾತ್ರೆಯ ಪುಡಿ ಕದಡಿದೆ. ಹತ್ತನೆಯ ದಿನ ಗರಿಗಳು ಬೂದುಬಣ್ಣಕ್ಕೆ ತಿರುಗಿದವು, ಹದಿನೆಂಟನೆಯ ದಿನಕ್ಕೆ ಒಂದೂ ಇರಲಿಲ್ಲ. ಮೀನಿಗೂ ಹವಳಕ್ಕೂ ತೊಂದರೆ ಕಾಣಲಿಲ್ಲ. ಆದರೆ ಸತ್ತ ಪಾಚಿ ಕೊಳೆತು ಫಾಸ್ಫೇಟ್ ಏರಿತು. ನೀರು ಬದಲಾಯಿಸಿ ಇಳಿಸಬೇಕಾಯಿತು.

ಖರ್ಚಿನಲ್ಲಿ ಮಾತ್ರೆ ಎಲ್ಲಕ್ಕಿಂತ ಅಗ್ಗ, ಹರಳು ತಿಂಗಳು ತಿಂಗಳು ಹಣ ಕೇಳುತ್ತದೆ, ಚೈಟೊಗೆ 700 ರೂಪಾಯಿಯ ಎಲ್‌ಇಡಿ ದೀಪ ಕೊಂಡದ್ದೇ ದೊಡ್ಡ ಖರ್ಚು. ಕರೆಂಟ್ ಹೋದಾಗಿನ ಕಥೆ ಬೇರೆ. ರಿಯಾಕ್ಟರಿನಲ್ಲಿ ನೀರು ಗಂಟೆಗಟ್ಟಲೆ ನಿಂತರೆ ಒಳಗೇ ನಾರುತ್ತದೆ, ಮತ್ತೆ ಪಂಪ್ ಶುರುವಾದಾಗ ಆ ನೀರು ಟ್ಯಾಂಕಿಗೇ ಬರುತ್ತದೆ. ಚೈಟೊ ಒಂದು ರಾತ್ರಿ ದೀಪವಿಲ್ಲದಿದ್ದರೆ ಕೇಳುವುದೂ ಇಲ್ಲ. ನಮ್ಮೂರಿನ ಬೇಸಿಗೆಗೆ ನನ್ನ ಮಟ್ಟಿಗೆ ಇದೇ ದೊಡ್ಡ ಅಂಕ. ಹರಳಿನ ಡಬ್ಬಿಯನ್ನು ಎಸೆದಿಲ್ಲ, ಫಾಸ್ಫೇಟ್ 0.2 ದಾಟಿದರೆ ಎರಡು ಚಮಚ, ಮೂರು ದಿನ, ಅಷ್ಟೇ. ಬ್ರಯಾಪ್ಸಿಸ್ ಅಲ್ಲದ ಪಾಚಿಗೆ ಮಾತ್ರೆ ಮತ್ತೆ ಮುಟ್ಟುವುದಿಲ್ಲ.

ಮೊನ್ನೆ ಕಿತ್ತ ಚೈಟೊವನ್ನು ಅಮ್ಮ ಮೂರು ನೀರು ತೊಳೆದು ತೆಂಗಿನ ಬುಡಕ್ಕೆ ಹಾಕಿದರು. "ಮುಂದಿನ ವಾರ ಎಷ್ಟು ಬರುತ್ತದೆ?" ಎಂದು ಕೇಳುತ್ತಿದ್ದಾರೆ.