ಒಂದೂವರೆ ಸೆಕೆಂಡಿನ ಲೆಕ್ಕ: ಸ್ಪ್ರೇ, ಅಲಾರಂ, ಟಾರ್ಚ್, ಸ್ಟನ್ ಗನ್

ತಮ್ಮನನ್ನು 21 ಅಡಿ ದೂರದಲ್ಲಿ ನಿಲ್ಲಿಸಿ, "ನಿನಗೆ ಯಾವಾಗ ಬೇಕೋ ಆಗ ನನ್ನ ಮೇಲೆ ಓಡಿ ಬಾ" ಅಂದೆ. ಮೊದಲ ಸಲ ಅವನು ನನ್ನ ಭುಜ ಮುಟ್ಟಿದಾಗ ನನ್ನ ಕೈ ಇನ್ನೂ ಬ್ಯಾಗಿನ ಜಿಪ್ ಮೇಲಿತ್ತು. ಎರಡನೇ ಸಲ ಜಿಪ್ ತೆಗೆದಿದ್ದೆ, ಕೈಗೆ ಸಿಕ್ಕಿದ್ದು ಕನ್ನಡಕದ ಡಬ್ಬಿ. ಮೂರನೇ ಸಲ ಪೆಪ್ಪರ್ ಸ್ಪ್ರೇ ಸಿಕ್ಕಿತು, ಆದರೆ ಮೂತಿ ನನ್ನ ಕಡೆಗಿತ್ತು. "ಅಕ್ಕಾ, ನೀನು ಹುಡುಕೋಷ್ಟರಲ್ಲಿ ನಾನು ಬ್ಯಾಗನ್ನೇ ಎತ್ಕೊಂಡು ಹೋಗಿರ್ತೀನಿ" ಅಂತ ನಕ್ಕ.

21 ಅಡಿ ಅನ್ನುವುದು ನಾನು ಹುಟ್ಟಿಸಿದ ಲೆಕ್ಕವಲ್ಲ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯುಲರ್ 1983ರಲ್ಲಿ ಒಂದು ಲೇಖನ ಬರೆದರು. ಚಾಕು ಹಿಡಿದವನೊಬ್ಬ 21 ಅಡಿ, ಅಂದರೆ ಸುಮಾರು 6.4 ಮೀಟರ್, ದಾಟುವುದಕ್ಕೆ ಒಂದೂವರೆ ಸೆಕೆಂಡು ಸಾಕು ಅನ್ನುವುದು ಅದರ ಸಾರ. ಸೊಂಟದಲ್ಲಿ ಬಂದೂಕು ಇಟ್ಟುಕೊಂಡು, ಅದನ್ನು ತೆಗೆಯುವುದನ್ನೇ ಅಭ್ಯಾಸ ಮಾಡಿದ ಪೊಲೀಸರಿಗೆ ಹೇಳಿದ ಮಾತದು. ಅವರಿಗೇ ಅಷ್ಟು ಬಿಗಿ ಅಂದಮೇಲೆ ಬ್ಯಾಗಿನ ತಳದಲ್ಲಿ ಚಾರ್ಜರ್ ವೈರು, ಕರ್ಚೀಫು, ಕೀಗೊಂಚಲಿನ ಜೊತೆ ಸ್ಪ್ರೇ ಇಟ್ಟುಕೊಂಡು ಓಡಾಡುವ ನನ್ನಂಥವರ ಕಥೆ ಏನು?

ಕೆಲಸ ಮುಗಿಸಿ ಹೊರಡುವಾಗ ರಾತ್ರಿ ಹತ್ತೂವರೆ ಆಗಿರುತ್ತದೆ. ಅಲ್ಲಿಂದ ಹದಿನೈದು ನಿಮಿಷದ ನಡಿಗೆ. ಜೀವ ತೆಗೆಯದ, ದಿನಾ ಒಯ್ಯಬಹುದಾದ ಸಾಧನ ಒಂದು ಬೇಕಿತ್ತು. ಓದಿ ಓದಿ ತಲೆ ಕೆಟ್ಟ ಮೇಲೆ ಐದು ಸಾಧನಗಳನ್ನು ತಂದು, ಒಂದೊಂದನ್ನೂ ಮೂರು ವಾರ ಒಯ್ದು, ಭಾನುವಾರ ತಮ್ಮನನ್ನು ಓಡಿಸಿ ನೋಡಿದೆ. ಮೊಬೈಲನ್ನು ಗೋಡೆಗೆ ಒರಗಿಸಿ ವಿಡಿಯೋ ಮಾಡಿ, ಆಮೇಲೆ ಸೆಕೆಂಡು ಎಣಿಸುತ್ತಿದ್ದೆವು.

ಮೊದಲು ತಂದದ್ದು ಸ್ಟನ್ ಗನ್, ಮುಟ್ಟಿಸಿ ಶಾಕ್ ಕೊಡುವ ಬಗೆಯದು. ಗುಂಡಿ ಒತ್ತಿದರೆ ಎರಡು ಮುಳ್ಳುಗಳ ನಡುವೆ ನೀಲಿ ಕಿಡಿ ಚಟಚಟ ಅನ್ನುತ್ತದೆ. ಆ ಸದ್ದಿಗೇ ಮನಸ್ಸು ಸೋತು ಅದನ್ನು ಕೊಂಡುಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಪೆಟ್ಟಿಗೆಯ ಮೇಲೆ ಒಂದು ಕೋಟಿ ವೋಲ್ಟ್ ಅಂತ ಬರೆದಿತ್ತು. ಮನೆಗೆ ಬಂದ ಮೇಲೆ ಲೆಕ್ಕ ಹಾಕಿದೆ. ಗಾಳಿಯಲ್ಲಿ ಒಂದು ಸೆಂಟಿಮೀಟರ್ ಕಿಡಿ ಹಾರಲು ಹೆಚ್ಚೆಂದರೆ 30,000 ವೋಲ್ಟ್ ಬೇಕು. ಒಂದು ಕೋಟಿ ವೋಲ್ಟ್ ನಿಜವಾಗಿದ್ದರೆ ಕಿಡಿ ಮೂರು ಮೀಟರಿಗಿಂತ ದೂರ ಹಾರಬೇಕಿತ್ತು. ನನ್ನದರಲ್ಲಿ ಮುಳ್ಳುಗಳ ಅಂತರ ಎರಡು ಬೆರಳಿನಷ್ಟು. ಪೆಟ್ಟಿಗೆಯ ಸಂಖ್ಯೆಗೆ ಎಷ್ಟು ಸೊನ್ನೆ ಸೇರಿಸಿದರೂ ಕಿಡಿ ಆ ಎರಡು ಬೆರಳು ದಾಟುವುದಿಲ್ಲ. ಅಲ್ಲದೆ ಮೈಗೆ ನಾಟುವುದು ವೋಲ್ಟೇಜಿನಿಂದಷ್ಟೇ ಅಲ್ಲ, ಎಷ್ಟು ಕರೆಂಟು ಎಷ್ಟು ಹೊತ್ತು ಹರಿಯಿತು ಅನ್ನುವುದರಿಂದ.

ಇದನ್ನು ಬಹಳ ಜನ ಟೇಸರ್ ಅಂದುಕೊಳ್ಳುತ್ತಾರೆ. ಟೇಸರ್ ಬೇರೆ. ಅದು ತಂತಿ ಕಟ್ಟಿದ ಎರಡು ಸಣ್ಣ ಬಾಣಗಳನ್ನು ದೂರಕ್ಕೆ ಹಾರಿಸಿ, ಅವು ನೆಟ್ಟ ಎರಡು ಜಾಗಗಳ ನಡುವಿನ ಸ್ನಾಯುಗಳು ಹಿಡಿದುಕೊಳ್ಳುವಂತೆ ಮಾಡುತ್ತದೆ. ಮುಟ್ಟಿಸುವ ಸ್ಟನ್ ಗನ್‌ನ ಮುಳ್ಳುಗಳು ಹತ್ತಿರ ಹತ್ತಿರ ಇರುವುದರಿಂದ ಅದು ಮುಖ್ಯವಾಗಿ ನೋವು ಕೊಡುತ್ತದೆ, ಅಷ್ಟೇ. ದಪ್ಪ ಜಾಕೆಟ್ ಇದ್ದರೆ ಅದೂ ಅನುಮಾನ. ನೋವಾದವನು ಹಿಂದೆ ಸರಿಯಬಹುದು, ಇನ್ನಷ್ಟು ಕೆರಳಲೂಬಹುದು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಅವನನ್ನು ಮುಟ್ಟಲೇಬೇಕು, ಮುಟ್ಟಿ ಒಂದೆರಡು ಸೆಕೆಂಡು ಒತ್ತಿ ಹಿಡಿಯಬೇಕು. ಯಾರಿಂದ ದೂರ ಇರಬೇಕು ಅಂತ ಸಾಧನ ಹುಡುಕಿದೆನೋ ಅವನ ತೆಕ್ಕೆಗೇ ಹೋಗು ಅನ್ನುತ್ತದೆ ಇದು. ಭಾನುವಾರದ ಓಟದಲ್ಲಿ ಇದನ್ನು (ಬ್ಯಾಟರಿ ತೆಗೆದು) ಹಿಡಿದೆ. ಸೇಫ್ಟಿ ಸರಿಸಿ ತಮ್ಮನ ತೋಳಿಗೆ ತಗುಲಿಸುವಷ್ಟರಲ್ಲಿ ನನ್ನ ಮಣಿಕಟ್ಟು ಅವನ ಕೈಯಲ್ಲಿತ್ತು. ಅಂದಿನಿಂದ ಅದು ಮೇಜಿನ ಡ್ರಾಯರಿನಲ್ಲಿದೆ.

ಕುಬೊಟಾನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೀಗೊಂಚಲಿಗೆ ಸಿಕ್ಕಿಸುವ, ಸುಮಾರು 14 ಸೆಂಟಿಮೀಟರ್ ಉದ್ದದ ಗಟ್ಟಿ ಕಡ್ಡಿ. ಕರಾಟೆ ಗುರು ತಕಯುಕಿ ಕುಬೊಟಾ ಅವರ ಹೆಸರಿನಿಂದ ಬಂದದ್ದು, 1970ರ ದಶಕದಲ್ಲಿ ಲಾಸ್ ಏಂಜಲೀಸಿನ ಮಹಿಳಾ ಪೊಲೀಸರಿಗೆ ಅವರೇ ಕಲಿಸಿದರು. ಕಲಿತವರ ಕೈಯಲ್ಲಿ ಒಳ್ಳೆಯ ಸಾಧನ ಇರಬಹುದು. ನನ್ನ ಕೈಯಲ್ಲಿ ಅದು ಬರೀ ಉದ್ದದ ಕೀಚೈನ್. ಬೆಕ್ಕಿನ ಕಿವಿಯ ಆಕಾರದ ಚೂಪು ಕೀಚೈನುಗಳೂ ಇದೇ ಜಾತಿ, ಮುದ್ದಾಗಿ ಕಾಣುತ್ತವೆ ಅನ್ನುವುದಷ್ಟೇ ವ್ಯತ್ಯಾಸ.

ಟಾರ್ಚ್ ನನಗೆ ಅನಿರೀಕ್ಷಿತ. ಆತ್ಮರಕ್ಷಣೆಗೆ ಅಂತ ತಂದದ್ದು ದಿನಾ ಕೆಲಸಕ್ಕೆ ಬಂತು: ಮೆಟ್ಟಿಲು, ಚರಂಡಿ, ಬೀಗದ ಕಿಂಡಿ. ದಿನಾ ಬಳಸುವ ವಸ್ತು ತಾನಾಗಿ ಕೈಯಲ್ಲೇ ಇರುತ್ತದೆ, ಹುಡುಕುವ ಪ್ರಶ್ನೆಯೇ ಇಲ್ಲ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಜೋರು ಬೆಳಕು ಬಿದ್ದರೆ ರೆಟಿನಾದ ವರ್ಣದ್ರವ್ಯ ಮಾಸಿಹೋಗುತ್ತದೆ. ಕಣ್ಣು ಮತ್ತೆ ಪೂರ್ತಿ ಕತ್ತಲೆಗೆ ಒಗ್ಗಲು 20ರಿಂದ 30 ನಿಮಿಷ ಬೇಕು. ತಮ್ಮನ ಮುಖಕ್ಕೆ ಒಂದು ಕ್ಷಣ ಹಾಯಿಸಿದ್ದಕ್ಕೇ ಅವನು ಕೈ ಅಡ್ಡ ಹಿಡಿದು ನಿಂತುಬಿಟ್ಟ. ನಿಂತ, ಓಡಿಹೋಗಲಿಲ್ಲ. ಅದೇ ಟಾರ್ಚಿನ ಮಿತಿ. ಹಗಲಲ್ಲಂತೂ ಲೆಕ್ಕಕ್ಕಿಲ್ಲ. ಕೊಳ್ಳುವಾಗ ಲ್ಯೂಮೆನ್ ಮಾತ್ರ ನೋಡಬೇಡಿ, ಅದು ಒಟ್ಟು ಬೆಳಕಿನ ಅಳತೆ. ಬೆಳಕು ಒಂದು ಕಡೆ ಎಷ್ಟು ತೀಕ್ಷ್ಣವಾಗಿ ಬೀಳುತ್ತದೆ ಅನ್ನುವುದನ್ನು ಕ್ಯಾಂಡೆಲಾ ಹೇಳುತ್ತದೆ. ಒಂದೇ ಗುಂಡಿಯಲ್ಲಿ ಮಂದ, ಮಧ್ಯಮ, ಜೋರು, ಮಿನುಗು ಅಂತ ಸುತ್ತುವ ಟಾರ್ಚನ್ನು ನಾನು ಮೊದಲು ತಂದಿದ್ದೆ. ತಮ್ಮ ಓಡಿ ಬಂದಾಗ ಗುಂಡಿ ಒತ್ತಿದರೆ ದೇವರ ಮುಂದಿನ ದೀಪದ ಹಾಗೆ ಮಂದವಾಗಿ ಹತ್ತಿತು. ಮೊದಲ ಒತ್ತಿಗೇ ಪೂರ್ತಿ ಬೆಳಕು ಕೊಡುವಂಥದ್ದೇ ಬೇಕು.

ಇನ್ನು ಸ್ಪ್ರೇ. ಹೆಸರಲ್ಲಿ ಪೆಪ್ಪರ್ ಇದ್ದರೂ ಕಾಳುಮೆಣಸಿಗೂ ಇದಕ್ಕೂ ಸಂಬಂಧವಿಲ್ಲ, ಇದು ಮೆಣಸಿನಕಾಯಿಯಿಂದ ತೆಗೆದ ಎಣ್ಣೆಯಂಥ ಸಾರ. ಅದರಲ್ಲಿರುವ ಕ್ಯಾಪ್ಸೈಸಿನ್ ಹೋಗಿ ಕೂರುವುದು ನರತುದಿಯಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕದ (ರಿಸೆಪ್ಟರ್) ಮೇಲೆಯೇ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಇದನ್ನು ಕಂಡುಹಿಡಿಯಿತು, 2021ರಲ್ಲಿ ಅವರಿಗೆ ನೊಬೆಲ್ ಬಂತು. ಬೆಂಕಿಗೂ ಮೆಣಸಿನಕಾಯಿಗೂ ನಾವು 'ಉರಿ' ಅನ್ನುವ ಒಂದೇ ಪದ ಬಳಸುತ್ತೇವಲ್ಲ, ನರಗಳ ಭಾಷೆಯೂ ಅದೇ. ಮುಖಕ್ಕೆ ಬಿದ್ದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ಕೆಮ್ಮು ಒತ್ತರಿಸಿ ಬರುತ್ತದೆ. ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆ ಹಿಂಸೆ. ಮೂರು ನಾಲ್ಕು ಮೀಟರ್ ದೂರದಿಂದಲೇ ಹೊಡೆಯಬಹುದು. ಐದರಲ್ಲಿ ದೂರವನ್ನೂ ತಡೆಯುವ ಶಕ್ತಿಯನ್ನೂ ಒಟ್ಟಿಗೆ ಕೊಡುವುದು ಇದೊಂದೇ.

ಲೇಬಲ್ ಇಲ್ಲೂ ಮಂಕುಬೂದಿ ಎರಚುತ್ತದೆ. ದೊಡ್ಡ ಅಕ್ಷರದಲ್ಲಿ ಸ್ಕೋವಿಲ್ ಸಂಖ್ಯೆ ಇರುತ್ತದೆ. ವಿಲ್ಬರ್ ಸ್ಕೋವಿಲ್ 1912ರಲ್ಲಿ ಮಾಡಿದ ಅಳತೆ ಅದು, ಖಾರ ನಾಲಿಗೆಗೆ ಗೊತ್ತಾಗದಷ್ಟು ಸಾರವನ್ನು ತೆಳು ಮಾಡುತ್ತಾ ಹೋಗುವುದು. ಶುದ್ಧ ಕ್ಯಾಪ್ಸೈಸಿನ್‌ಗೆ 1.6 ಕೋಟಿ. ಆದರೆ ಡಬ್ಬಿಯ ಮೇಲಿನ ಸಂಖ್ಯೆ ಬಹಳ ಸಲ ತೆಳು ಮಾಡುವ ಮುಂಚಿನ ಎಣ್ಣೆಯದು, ಮೂತಿಯಿಂದ ಹೊರಬರುವ ದ್ರವದ್ದಲ್ಲ. ಓಸಿ (ಆ ಮೆಣಸಿನಕಾಯಿ ಎಣ್ಣೆಗೆ ಲೇಬಲ್ಲಿನ ಹೆಸರು) 10 ಶೇಕಡಾ ಅನ್ನುವುದೂ ಎಣ್ಣೆ ಎಷ್ಟಿದೆ ಅನ್ನುತ್ತದೆ, ಅದು ಎಷ್ಟು ಖಾರ ಅನ್ನುವುದಿಲ್ಲ. ನೋಡಬೇಕಾದ್ದು ಮೇಜರ್ ಕ್ಯಾಪ್ಸೈಸಿನಾಯ್ಡ್ಸ್, ಅಂದರೆ ಖಾರ ಕೊಡುವ ಮುಖ್ಯ ಸತ್ವಗಳು, ಅನ್ನುವ ಸಣ್ಣ ಅಕ್ಷರದ ಸಾಲು. ಸ್ಪ್ರೇಗಳಲ್ಲಿ ಇದು 0.18 ಶೇಕಡಾದಿಂದ 1.33 ಶೇಕಡಾದವರೆಗೂ ಇರುತ್ತದೆ. ನಾನು ಕೈಗೆತ್ತಿಕೊಂಡ ಒಂದು ಡಬ್ಬಿಯ ಮೇಲೆ ಉರಿಯುವ ಮೆಣಸಿನಕಾಯಿಯ ಚಿತ್ರ ಇತ್ತು, ಆ ಸಾಲೇ ಇರಲಿಲ್ಲ. ಅದನ್ನು ಅಲ್ಲೇ ಬಿಟ್ಟೆ.

ಧಾರೆ, ಮಂಜು, ಜೆಲ್ ಅಂತ ಬಗೆಗಳಿವೆ. ಮಂಜಿನಂತೆ ಹರಡುವುದಕ್ಕೆ ಗುರಿ ಅಷ್ಟಾಗಿ ಬೇಡ, ಆದರೆ ಗಾಳಿ ತಿರುಗಿದರೆ ನಮಗೇ ವಾಪಸ್ಸು, ಮುಚ್ಚಿದ ಕೋಣೆಯಲ್ಲಾದರೆ ಎಲ್ಲರಿಗೂ ಹಂಚಿಕೆ. ಜೆಲ್ ಗಾಳಿಗೆ ಅಷ್ಟಾಗಿ ಜಗ್ಗುವುದಿಲ್ಲ, ಆದರೆ ಕಣ್ಣಿಗೇ ಬೀಳಬೇಕು, ಉಸಿರಿಗೆ ಹೋಗುವುದು ಕಡಿಮೆ. ನಾನು ಧಾರೆಯದ್ದನ್ನು ಆರಿಸಿ, ಬಯಲಿನಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟು ಒಂದೇ ಒಂದು ಸಲ ಹೊಡೆದೆ. ಪೆಟ್ಟಿಗೆಯ ಮೇಲೆ ಕಿತ್ತಳೆ ಬಣ್ಣದ ಕಲೆ, ಗಾಳಿಯಲ್ಲಿ ಸ್ವಲ್ಪ ಘಾಟು, ಎರಡು ಸೀನು. ಇಷ್ಟೇನಾ ಅನ್ನಿಸಿತು. ಮನೆಗೆ ಬಂದು ಕೈ ತೊಳೆದು, ಊಟ ಮಾಡಿ, ರಾತ್ರಿ ಕಾಂಟ್ಯಾಕ್ಟ್ ಲೆನ್ಸ್ ತೆಗೆಯಲು ಬೆರಳು ಕಣ್ಣಿಗಿಟ್ಟೆ ನೋಡಿ, ಅಮ್ಮಾ! ಮೂತಿಯ ಅಂಚಿನಲ್ಲಿ ಉಳಿದಿದ್ದ ಒಂದು ಹನಿ ಉಗುರಿನ ಸಂದಿಯಲ್ಲಿ ಆರು ಗಂಟೆ ಕಾದು ಕೂತಿತ್ತು. ನೀರು ಎರಚಿದಷ್ಟೂ ಉರಿ ಹಬ್ಬಿತು. ಎಣ್ಣೆಯ ಗುಣದ ವಸ್ತು ಬರೀ ನೀರಿಗೆ ಹೋಗುವುದಿಲ್ಲ. ಕಣ್ಣು ಉರಿಯದ ಮಕ್ಕಳ ಶಾಂಪೂ ಹಾಕಿ, ಉಜ್ಜದೆ, ತಣ್ಣೀರಲ್ಲಿ ಬಾರಿ ಬಾರಿ ತೊಳೆದ ಮೇಲೆ ಸಮಾಧಾನವಾಯಿತು. ಲೆನ್ಸ್ ಎಸೆದೆ. ಇಷ್ಟೇನಾ ಅಂದದ್ದನ್ನು ಹಿಂತೆಗೆದುಕೊಂಡೆ.

ಕುಡಿದವರು, ಹಟ ಹಿಡಿದವರು ಇದಕ್ಕೂ ಜಗ್ಗದೆ ಕುರುಡಾಗಿಯೇ ಮುನ್ನುಗ್ಗಬಹುದು. ಆದ್ದರಿಂದ ಹೊಡೆದು ಅಲ್ಲೇ ನಿಂತು ನೋಡುವಂತಿಲ್ಲ, ಪಕ್ಕಕ್ಕೆ ಸರಿದು ಓಡಬೇಕು. ಅಸ್ತಮಾ ಇರುವವರಿಗೆ ಇದು ನಿಜಕ್ಕೂ ಅಪಾಯ, ನಮಗೇ ಅಸ್ತಮಾ ಇದ್ದರೂ ಅಷ್ಟೇ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಡಬ್ಬಿ ಸಿಡಿಯಬಹುದು, ವಿಮಾನದ ಕ್ಯಾಬಿನ್‌ಗೆ ಒಯ್ಯುವಂತಿಲ್ಲ. ಒಳಗಿನ ಒತ್ತಡ ವರ್ಷಗಳು ಕಳೆದಂತೆ ಇಳಿಯುವುದರಿಂದ ಎಕ್ಸ್‌ಪೈರಿ ದಿನಾಂಕ ಹಾಲಿನ ಪ್ಯಾಕೆಟ್ಟಿನಷ್ಟೇ ಮುಖ್ಯ. ಕಾನೂನನ್ನಂತೂ ಮೊದಲೇ ನೋಡಿಕೊಳ್ಳಿ. ಬ್ರಿಟನ್ನಿನಲ್ಲಿ 1968ರ ಫೈರ್‌ಆರ್ಮ್ಸ್ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಇದು ನಿಷೇಧಿತ ಆಯುಧ. ಕೆನಡಾದಲ್ಲಿ ಕರಡಿ ಓಡಿಸಲು ಒಯ್ಯಬಹುದು, ಮನುಷ್ಯರ ಮೇಲೆ ಬಳಸಲೆಂದು ಒಯ್ಯುವಂತಿಲ್ಲ.

ಕೊನೆಗೆ, ನಾನು ಆಟಿಕೆ ಅಂದುಕೊಂಡಿದ್ದ ಅಲಾರಂ. ಪಿನ್ ಎಳೆದರೆ ಕಿರುಚುವ, ಬೆಂಕಿಪೊಟ್ಟಣದಷ್ಟು ದೊಡ್ಡ ವಸ್ತು. ಇದರ ಲೇಬಲ್ಲಿನಲ್ಲಿ 130 ಡೆಸಿಬಲ್. ಎಷ್ಟು ದೂರದಲ್ಲಿ ಅಳೆದದ್ದು ಅಂತ ಬರೆದಿರಲಿಲ್ಲ. ದೂರ ಎರಡರಷ್ಟಾದರೆ ಬಯಲಲ್ಲಿ ಸದ್ದು 6 ಡೆಸಿಬಲ್ ಇಳಿಯುತ್ತದೆ. 10 ಸೆಂಟಿಮೀಟರಿನಲ್ಲಿ 130 ಇದ್ದರೆ 10 ಮೀಟರಿನಲ್ಲಿ ಉಳಿಯುವುದು 90. ಕಡಿಮೆಯೇನಲ್ಲ, ಆದರೆ ಊರನ್ನೆಲ್ಲಾ ಎಬ್ಬಿಸುವ ಸದ್ದೂ ಅಲ್ಲ. ಬ್ಯಾಗಿನೊಳಗಿದ್ದರೆ ಇನ್ನೂ ಕುಗ್ಗುತ್ತದೆ. ಒಂದು ರಾತ್ರಿ ಮೆಟ್ಟಿಲ ಬಳಿ ಎಳೆದು ನೋಡಿದೆ. ಎರಡು ಕಿಟಕಿಗಳಲ್ಲಿ ಲೈಟ್ ಹತ್ತಿತು, ಬಾಗಿಲು ಒಂದೂ ತೆರೆಯಲಿಲ್ಲ. ಕಾರಿನ ಅಲಾರಂ ಕೇಳಿ ಕೇಳಿ ಜನರ ಕಿವಿ ಜಡ್ಡುಗಟ್ಟಿದೆ.

ಇನ್ನೊಮ್ಮೆ ಬೇಡದ ಜಾಗದಲ್ಲಿ ಕಿರುಚಿತು. ಗ್ರಂಥಾಲಯದಲ್ಲಿ ಬ್ಯಾಗಿನ ಪಟ್ಟಿ ಕುರ್ಚಿಗೆ ಸಿಕ್ಕಿ ಪಿನ್ ಕಳಚಿಕೊಂಡಿತು. ಪಿನ್ ಪಟ್ಟಿಯಲ್ಲೇ ಉಳಿಯಿತು, ಅಲಾರಂ ಕಪಾಟಿನ ಕೆಳಗೆ ಉರುಳಿತು. ಅಷ್ಟೂ ಜನರ ಮುಂದೆ ನೆಲಕ್ಕೆ ಬಗ್ಗಿ, ಛತ್ರಿಯ ಕಡ್ಡಿಯಲ್ಲಿ ಅದನ್ನು ಎಳೆದು, ನಡುಗುವ ಕೈಯಲ್ಲಿ ಪಿನ್ ತೂರಿಸುವಷ್ಟರಲ್ಲಿ ಬೆವರಿಳಿದಿತ್ತು. ಆಮೇಲೆ ಹೊಳೆಯಿತು: ನಾನೇ ಬೇಕೆಂದು ಎಳೆದಿದ್ದರೂ ಅದನ್ನು ನಿಲ್ಲಿಸಲು ಬೇರೆಯವರಿಗೆ ಅಷ್ಟೇ ಕಷ್ಟ. ಪಿನ್ ನನ್ನ ಬಳಿ ಇರುತ್ತದೆ.

ಇದಕ್ಕೆ ಗುರಿ ಬೇಡ, ಗಾಳಿಯ ದಿಕ್ಕು ಬೇಡ, ಕಾನೂನಿನ ತಕರಾರು ಬಹುತೇಕ ಇಲ್ಲ, ಕಿತ್ತುಕೊಂಡು ನಮಗೇ ಹೊಡೆಯುತ್ತಾರೆ ಅನ್ನುವ ಭಯವಿಲ್ಲ. ಅವನನ್ನು ತಡೆಯುವುದಿಲ್ಲ ಅನ್ನುವುದೂ ನಿಜ. ಭುಜದ ಪಟ್ಟಿಗೆ ಕಟ್ಟಿದಾಗ ವಿಡಿಯೋದಲ್ಲಿ ಪ್ರತಿ ಸಲವೂ ಒಂದು ಸೆಕೆಂಡಿನೊಳಗೆ ಕೂಗಿತು. ಬ್ಯಾಗಿನೊಳಗಿನ ಸ್ಪ್ರೇ ಅತಿ ಬೇಗ ಹೊರಬಂದದ್ದು ನಾಲ್ಕು ಸೆಕೆಂಡಿಗೆ. ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸ ಅದು.

ಹಾಗಾಗಿ ಸ್ಪ್ರೇಯನ್ನು ಬ್ಯಾಗಿನಿಂದ ಹೊರಗೆ ತರಬೇಕಾಯಿತು. ಎಲ್ಲಿಗೆ? ಹೆಂಗಸರ ಬಟ್ಟೆಗೆ ಜೇಬು ಹೊಲಿಯುವುದು ಅಪರಾಧ ಅಂತ ಯಾರು ತೀರ್ಮಾನಿಸಿದರೋ. ನನ್ನ ಮೂರು ಜೊತೆ ಬಟ್ಟೆಗೆ ಬಲಗಡೆ ಜೇಬು ಹಾಕಿಸಿದೆ, ಡಬ್ಬಿ ನಿಲ್ಲುವಷ್ಟು ಆಳ, ಹೆಬ್ಬೆರಳು ಸೇಫ್ಟಿಗೆ ಹೋಗುವಷ್ಟು ಅಗಲ. ನೀರು ತುಂಬಿದ ಅಭ್ಯಾಸದ ಡಬ್ಬಿ ಪ್ರತ್ಯೇಕವಾಗಿ ಸಿಗುತ್ತದೆ, ಅದನ್ನೂ ತಂದೆ. ಜೇಬಿನಿಂದ ತೆಗೆದು ಹೊಡೆಯಲು ಮೊದಲ ವಾರ ಎರಡೂವರೆ ಸೆಕೆಂಡು ಬೇಕಾಗುತ್ತಿತ್ತು, ಮೂರನೇ ವಾರ ಒಂದೂಕಾಲಕ್ಕೆ ಇಳಿಯಿತು. ನಿರ್ಜನ ತಿರುವಿನಲ್ಲಿ ಡಬ್ಬಿ ಮೊದಲೇ ಕೈಯಲ್ಲಿದ್ದರೆ ಅರ್ಧ ಸೆಕೆಂಡು. ಈಗ ನನ್ನ ಜೊತೆ ಇರುವುದು ಮೂರು: ಬಲ ಜೇಬಲ್ಲಿ ಸ್ಪ್ರೇ, ಎಡ ಭುಜದಲ್ಲಿ ಅಲಾರಂ, ಕತ್ತಲಾದರೆ ಎಡಗೈಯಲ್ಲಿ ಟಾರ್ಚ್. ಒಂದನ್ನೇ ಆರಿಸು ಅಂದರೆ ಅಲಾರಂ ಅನ್ನುತ್ತೇನೆ. ಅಭ್ಯಾಸ ಮಾಡಲು ಪುರುಸೊತ್ತಿಲ್ಲದವರಿಗಂತೂ ಅದೇ.

ಕಳೆದ ಭಾನುವಾರ ತಮ್ಮ ಮತ್ತೆ ಬಂದ. ಮೊದಲ ಓಟದಲ್ಲಿ ಅರ್ಧ ದಾರಿಗೇ ಮುಖದ ತುಂಬ ನೀರು ಮಾಡಿಕೊಂಡು ನಿಂತ. ಅಂಗಿಯ ತೋಳಿನಲ್ಲಿ ಒರೆಸಿಕೊಳ್ಳುತ್ತಾ "ಸರಿ, ನೀನು ಆ ಕಡೆ ತಿರುಗಿ ನಡಿ" ಅಂದ. ನಡೆದೆ. ಸದ್ದಿಲ್ಲದೆ ಹಿಂದಿನಿಂದ ಬಂದು ಬಲಗೈ ಹಿಡಿದುಬಿಟ್ಟ, ಜೇಬಿನ ಹತ್ತಿರಕ್ಕೂ ಬಿಡಲಿಲ್ಲ. ನನ್ನ ಎಡಗೈ ತಾನಾಗಿ ಭುಜಕ್ಕೆ ಹೋಯಿತು. ತಿರುಗಿ ನೋಡಿದರೆ ಅವನು ಎರಡು ಹೆಜ್ಜೆ ಹಿಂದೆ ನಿಂತು ಎರಡೂ ಕಿವಿ ಮುಚ್ಚಿಕೊಂಡಿದ್ದ.