ಕೆಲಸ ಬಿಡದೆ ಓದುವವರಿಗೆ ನಾಲ್ಕು ದಾರಿಗಳು: ನಡೆದು ನೋಡಿದವಳ ಹೋಲಿಕೆ

ನಮ್ಮ ಸಹಕಾರ ಸಂಘದ ಕಚೇರಿಗೆ ಕಳೆದ ವರ್ಷ ಸೇರಿದ ಹುಡುಗಿಯೊಬ್ಬಳು ಪಿಯುಸಿಗೇ ಓದು ನಿಲ್ಲಿಸಿದವಳು. ‘ಅಕ್ಕಾ, ಕೆಲಸ ಬಿಡೋಕಾಗಲ್ಲ, ಆದರೆ ಡಿಗ್ರಿ ಮಾಡಲೇಬೇಕು, ಯಾವುದಕ್ಕೆ ಸೇರಲಿ?’ ಎಂದು ಅವಳು ಕೇಳಿದಾಗ ಒಂದೇ ಮಾತಿನಲ್ಲಿ ಉತ್ತರಿಸಲು ನನ್ನಿಂದಾಗಲಿಲ್ಲ. ನಾನೂ ಪಿಯುಸಿ ಮುಗಿಸಿ ನೇರವಾಗಿ ಕೆಲಸಕ್ಕೆ ಹೋದವಳೇ. 2006ರಲ್ಲಿ ಬೆಂಗಳೂರಿನ ಒಂದು ಸಂಜೆ ಕಾಲೇಜಿನಲ್ಲಿ ಬಿ.ಕಾಂ.ಗೆ ಸೇರಿ ಅರ್ಧಕ್ಕೆ ಬಿಟ್ಟೆ; 2009ರಲ್ಲಿ ಮೈಸೂರಿನಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಬಿ.ಎ.ಗೆ ಸೇರಿ ಮುಗಿಸಿದೆ. 2015ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ, ಅಂದರೆ ಎಲ್ಲರೂ ಇಗ್ನೋ ಎನ್ನುವಲ್ಲಿ, ಸಮಾಜಶಾಸ್ತ್ರದ ಎಂ.ಎ.ಗೆ ನೋಂದಾಯಿಸಿದೆ, 2022ರಲ್ಲಿ ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಜಾಲತಾಣದ ಮೂಲಕ, ಐಐಟಿಗಳು ಆನ್‌ಲೈನಿನಲ್ಲಿ ಪಾಠ ನಡೆಸುವ ಎನ್‌ಪಿಟೆಲ್‌ನ ಎಂಟು ವಾರದ ಕೋರ್ಸೊಂದನ್ನು ಕಲಿತೆ. ಸಾಮಾನ್ಯವಾಗಿ ಎಲ್ಲರೂ ಮೊದಲು ಕೇಳುವುದು ಶುಲ್ಕ ಎಷ್ಟು ಎಂದು. ಅದನ್ನು ಮೂರನೆಯದಾಗಿ ಕೇಳಿದರೆ ಸಾಕು ಎಂಬುದು ನನ್ನ ಅನುಭವ. ಉತ್ತರವನ್ನು ಯಾವ ಭಾಷೆಯಲ್ಲಿ ಬರೆಯಬೇಕು, ಬರೆದದ್ದನ್ನು ಪರೀಕ್ಷೆಗೆ ಮುಂಚೆ ಯಾರಾದರೂ ಓದುತ್ತಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳಬೇಕು.

ಸಂಜೆ ಕಾಲೇಜಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನು ಮುಗಿಸಲಾಗದೆ ಹೋದ ಆ ಓದೇ ಉಳಿದವುಗಳನ್ನು ಅಳೆಯುವ ಕೋಲಾಯಿತು. ಸಂಜೆ ಐದೂ ಮುಕ್ಕಾಲಿಗೆ ಮೊದಲ ತರಗತಿ. ನನ್ನ ಬೆಂಚಿನಲ್ಲಿ ಒಬ್ಬ ನರ್ಸ್, ಹಿಂದಿನ ಬೆಂಚಿನಲ್ಲಿ ಖಾಕಿ ಅಂಗಿಯನ್ನು ಬದಲಿಸಲೂ ಸಮಯವಿಲ್ಲದೆ ಡಿಪೋದಿಂದ ನೇರವಾಗಿ ಬರುತ್ತಿದ್ದ ಬಸ್ ಕಂಡಕ್ಟರ್. ಲೆಕ್ಕಶಾಸ್ತ್ರದ ಮೇಷ್ಟ್ರು ಸವಕಳಿಯ ಪಾಠವನ್ನು ಪುಸ್ತಕದ ವ್ಯಾಖ್ಯೆಯಿಂದ ಶುರುಮಾಡದೆ, ಆ ಕಂಡಕ್ಟರನ್ನು ಎಬ್ಬಿಸಿ, ಅವರ ಬಸ್ಸಿನ ಟೈರು ಎಷ್ಟು ದಿನ ಬರುತ್ತದೆ, ಸವೆದ ಟೈರನ್ನು ಏನು ಮಾಡುತ್ತಾರೆ, ಹಾಗಿದ್ದರೆ ಆ ಸವೆತದ ಖರ್ಚನ್ನು ಯಾವ ವರ್ಷದ ಲೆಕ್ಕಕ್ಕೆ ಹಾಕಬೇಕು ಎಂದು ಒಂದೊಂದಾಗಿ ಕೇಳುತ್ತಾ ಹೋದರು. ಇಂದಿಗೂ ಸಂಘದ ವಾರ್ಷಿಕ ಲೆಕ್ಕಪತ್ರದಲ್ಲಿ ಸವಕಳಿಯ ಸಾಲು ಬರೆಯುವಾಗ ನನಗೆ ಆ ಟೈರು ನೆನಪಾಗುತ್ತದೆ. ಎರಡು ದಿನ ತರಗತಿಗೆ ಹೋಗದಿದ್ದರೆ ಮೂರನೆಯ ದಿನ ಆ ನರ್ಸ್ ಫೋನ್ ಮಾಡಿ ವಿಚಾರಿಸುತ್ತಿದ್ದಳು. ಇಷ್ಟೆಲ್ಲ ಇದ್ದರೂ ಅದು ನನ್ನನ್ನು ಉಳಿಸಿಕೊಳ್ಳಲಿಲ್ಲ. ಎರಡನೆಯ ವರ್ಷದಲ್ಲಿ ನಾನು ಬಸುರಿಯಾದೆ. ಹಾಜರಿ ಶೇ 75ಕ್ಕಿಂತ ಕೆಳಗಿಳಿಯಿತು, ಪರೀಕ್ಷೆಗೆ ಕೂರಲಾಗಲಿಲ್ಲ. ಅಷ್ಟರಲ್ಲಿ ಯಜಮಾನರಿಗೆ ತುಮಕೂರಿನಲ್ಲಿ ಕೆಲಸ ಸಿಕ್ಕಿ ಊರನ್ನೇ ಬಿಟ್ಟೆವು. ಕಲಿಸುವುದರಲ್ಲಿ ಸಂಜೆ ಕಾಲೇಜಿಗೆ ಸಮನಾದದ್ದನ್ನು ನಾನು ನಂತರ ಕಾಣಲಿಲ್ಲ. ಆದರೆ ವಾರದ ಐದು ಸಂಜೆಗಳನ್ನು ವರ್ಷಗಟ್ಟಲೆ ಕೊಡಬಲ್ಲ, ಊರು ಬದಲಿಸದ, ರಾತ್ರಿ ಒಂಬತ್ತರ ಮೇಲೆ ಮನೆ ಸೇರಿದರೂ ಯಾರೂ ಪ್ರಶ್ನಿಸದವರಿಗಷ್ಟೇ ಆ ದಾರಿ ಪೂರ್ತಿ ತೆರೆದಿರುತ್ತದೆ. ಹೆಂಗಸರಲ್ಲಿ ಅಂಥವರು ಎಷ್ಟು ಮಂದಿ?

ಮೈಸೂರಿನ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಆರಂಭವಾಯಿತಾದರೂ ಅದರ ಬೇರು ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ತೆರೆದ ಅಂಚೆ ಶಿಕ್ಷಣ ಸಂಸ್ಥೆಯಲ್ಲಿದೆ. ‘ಉನ್ನತ ಶಿಕ್ಷಣ ಎಲ್ಲರಿಗೂ, ಎಲ್ಲೆಡೆ’ ಎಂಬುದು ಅದರ ಧ್ಯೇಯವಾಕ್ಯ. ನನ್ನ ಪಾಲಿಗೆ ಆ ಮಾತು ನಿಜವಾದದ್ದು ಕನ್ನಡ ಮಾಧ್ಯಮದ ಸಿದ್ಧಪಾಠಗಳಿಂದ, ಅಂದರೆ ಮನೆಯಲ್ಲೇ ಓದಿಕೊಳ್ಳಲೆಂದು ವಿಶ್ವವಿದ್ಯಾಲಯ ಅಚ್ಚು ಹಾಕಿಸಿ ಕೊಡುವ ಪಾಠಪುಸ್ತಕಗಳಿಂದ. ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಮೂರನ್ನೂ ಕನ್ನಡದಲ್ಲಿ ಓದಿ ಕನ್ನಡದಲ್ಲೇ ಬರೆದೆ. ಬೆಳಗಿನ ನಾಲ್ಕೂವರೆಗೆ ಎದ್ದು, ಮಗು ಏಳುವುದರೊಳಗೆ ಒಂದು ಘಟಕ ಮುಗಿಸುವುದು ನನ್ನ ಕ್ರಮವಾಗಿತ್ತು. ಓದು ಬಾಯಲ್ಲಿ ಬಂದರಷ್ಟೇ ನನಗೆ ತಲೆಗೆ ಹೋಗುವುದರಿಂದ ಗಟ್ಟಿಯಾಗಿ ಓದುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದ ಅತ್ತೆಯವರು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಮೈಸೂರು ಸಂಸ್ಥಾನದ ಪಾಠ ನಡೆದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದ್ದು, ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಸಿಗುವಂತೆ ಅದು ಶಿಫಾರಸು ಮಾಡಿದ್ದು, ಇಂಥ ಮೀಸಲಾತಿಗೆ ಒಪ್ಪದ ಸರ್ ಎಂ. ವಿಶ್ವೇಶ್ವರಯ್ಯ ಅವರು ದಿವಾನಗಿರಿಯನ್ನು ಬಿಟ್ಟದ್ದು, ಇವನ್ನೆಲ್ಲ ಓದಿ ಮುಗಿಸಿದಾಗ ಅತ್ತೆ, ‘ಹಾಗಾದ್ರೆ ಆಗ ನಮ್ಮಂಥೋರ ಮನೆ ಹೆಣ್ಣುಮಕ್ಕಳಿಗೂ ಏನಾದ್ರೂ ಸಿಕ್ತಾ?’ ಎಂದು ಕೇಳಿದರು. ಅಕ್ಷರ ಬಾರದ ಅವರು ಆ ಪ್ರಶ್ನೆಯನ್ನು ಕೇಳಲು ಸಾಧ್ಯವಾದದ್ದು ಪಾಠ ಅವರ ಭಾಷೆಯಲ್ಲಿದ್ದುದರಿಂದ. ನನ್ನ ಬಿ.ಎ.ಯಲ್ಲಿ ಮನೆಯವರೆಲ್ಲ ಸ್ವಲ್ಪ ಸ್ವಲ್ಪ ಓದಿದರು ಎಂದೇ ನಾನು ತಿಳಿದಿದ್ದೇನೆ.

ಅತ್ತೆಯ ಪ್ರಶ್ನೆಗೆ ಉತ್ತರ ನನ್ನಲ್ಲಿರಲಿಲ್ಲ. ಸಿದ್ಧಪಾಠ ಎಷ್ಟೇ ಚೆನ್ನಾಗಿರಲಿ, ಓದುವವರ ಮನಸ್ಸಿನಲ್ಲಿ ಎದ್ದ ಹೊಸ ಪ್ರಶ್ನೆ ಅದಕ್ಕೆ ಕೇಳಿಸುವುದಿಲ್ಲ. ಮೇಷ್ಟ್ರ ಎದುರು ಕೂತು ಕೇಳುವ ಸಂಪರ್ಕ ತರಗತಿಗಳು ಇರುವುದು ಇದಕ್ಕಾಗಿಯೇ. ಕೆಲಸದಲ್ಲಿರುವವರು ರಜೆ ಹಾಕಿ ಅವುಗಳಿಗೆ ಹೋಗಬೇಕಾಗುವುದರಿಂದ ಬಹಳ ಮಂದಿ ತಪ್ಪಿಸಿಕೊಳ್ಳುತ್ತಾರೆ. ಹಾಗೆ ಮಾಡಬಾರದೆಂದು ನಾನು ಕಳಕಳಿಯಿಂದ ಹೇಳುತ್ತೇನೆ. ಅಲ್ಲಿ ಪ್ರಶ್ನೆ ಇಟ್ಟುಕೊಂಡು ಹೋದವರಿಗೆ ಒಂದು ಗಂಟೆಯಲ್ಲಿ ಸಿಗುವುದು, ಮನೆಯಲ್ಲಿ ಒಂದು ತಿಂಗಳು ಪುಟ ತಿರುವಿದರೂ ಸಿಗುವುದಿಲ್ಲ.

ಇಗ್ನೋದ ಕ್ರಮ ಬೇರೆಯೇ. 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದಲ್ಲಿ ನನ್ನ ಎಂ.ಎ.ಯ ಪ್ರತಿ ಪತ್ರಿಕೆಗೂ ಅಸೈನ್‌ಮೆಂಟ್ ಬರೆದು ಒಪ್ಪಿಸಬೇಕಿತ್ತು. ಅದಕ್ಕೆ ಶೇ 30ರಷ್ಟು, ಜೂನ್ ಅಥವಾ ಡಿಸೆಂಬರಿನ ಪರೀಕ್ಷೆಗೆ ಶೇ 70ರಷ್ಟು ತೂಕ. ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು ಎಂಬುದು ಅಲ್ಲಿನ ಲೆಕ್ಕ. ಆ ಪ್ರಕಾರ 8 ಕ್ರೆಡಿಟ್‌ನ ಒಂದು ಪತ್ರಿಕೆಗೆ 240 ಗಂಟೆ ಬೇಕು, ದಿನಕ್ಕೆ ಒಂದೂವರೆ ಗಂಟೆ ಓದಬಲ್ಲವರಿಗೆ 160 ದಿನ. ಈ ಲೆಕ್ಕವನ್ನು ಸೇರುವ ಮುಂಚೆಯೇ ಹಾಕಿದ್ದರೆ ಎರಡು ವರ್ಷಕ್ಕೇ ಮುಗಿಸುತ್ತೇನೆಂದು ನಾನು ಮನೆಯಲ್ಲಿ ಮಾತು ಕೊಡುತ್ತಿರಲಿಲ್ಲ. ನಾಲ್ಕು ವರ್ಷ ಹಿಡಿಯಿತು. ಹಾಗೆ ನಿಧಾನಿಸಿದರೂ ಹೊರಗೆ ಬೀಳದಿರುವುದೇ ಅದರ ದೊಡ್ಡ ಗುಣ. ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಜೂನ್‌ನಲ್ಲಿ ಅನುತ್ತೀರ್ಣಳಾದಾಗ ಅಸೈನ್‌ಮೆಂಟಿನ ಅಂಕ ಹಾಗೆಯೇ ಉಳಿಯಿತು, ಡಿಸೆಂಬರಿನಲ್ಲಿ ಪರೀಕ್ಷೆಯೊಂದನ್ನೇ ಮತ್ತೆ ಬರೆದೆ. ಸಂಜೆ ಕಾಲೇಜಿನಲ್ಲಿ ಒಂದು ಬಸುರು ನನ್ನ ಓದನ್ನು ಮುರಿದಿತ್ತು. ಇಲ್ಲಿ ಅತ್ತೆಯವರ ಕೊನೆಯ ಕಾಯಿಲೆ, ಮಗಳ ಶಾಲೆಯ ಓದು ಎರಡೂ ನಡುವೆ ಬಂದರೂ ಓದು ಕಾದು ನಿಂತಿತು.

ನನ್ನ ಕಷ್ಟವೆಲ್ಲ ಭಾಷೆಯದು. ನಾನು ತೆಗೆದುಕೊಂಡ ಎಂ.ಎ.ಗೆ ಇಂಗ್ಲಿಷ್ ಮತ್ತು ಹಿಂದಿ ಮಾಧ್ಯಮಗಳಷ್ಟೇ ಇದ್ದವು. ನಾನು ಅಲ್ಲಿ ಓದಬೇಕಿದ್ದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ಕ್ಷೇತ್ರಕಾರ್ಯ ಮಾಡಿದ್ದು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ. ಅವರು ರಾಂಪುರ ಎಂದು ಹೆಸರಿಟ್ಟ ಆ ಹಳ್ಳಿಯ ಒಕ್ಕಲಿಗರ ಪಟೇಲಿಕೆ, ಜೀತದಾಳು, ಊರ ನ್ಯಾಯ ಯಾವುದೂ ನನಗೆ ಹೊಸದಲ್ಲ. ಅದೇ ಹಳ್ಳಿ ದೆಹಲಿಯಿಂದ ಇಂಗ್ಲಿಷಿನಲ್ಲಿ ಅಚ್ಚಾಗಿ ಬಂದಾಗ ಮಾತ್ರ ಒಂದು ಪುಟಕ್ಕೆ ಅರ್ಧ ಗಂಟೆ ಬೇಕಾಯಿತು. ಓದಿದ್ದನ್ನು ಕನ್ನಡದಲ್ಲಿ ಯೋಚಿಸಿ, ಮತ್ತೆ ಇಂಗ್ಲಿಷಿಗೆ ತಿರುಗಿಸಿ ಬರೆಯುವಷ್ಟರಲ್ಲಿ ಪರೀಕ್ಷೆಯ ಮೂರು ಗಂಟೆ ಸಾಲುತ್ತಿರಲಿಲ್ಲ. ಅದಕ್ಕೆಂದೇ 200 ಪುಟದ ಒಂದು ನೋಟುಪುಸ್ತಕವನ್ನು ಕೈಯಲ್ಲೇ ಗೆರೆ ಎಳೆದು ಎರಡು ಅಂಕಣ ಮಾಡಿ, ಎಡಕ್ಕೆ ಡಾಮಿನೆಂಟ್ ಕಾಸ್ಟ್, ಬಲಕ್ಕೆ ಪ್ರಬಲ ಜಾತಿ, ಎಡಕ್ಕೆ ಸೋಷಿಯಲ್ ಮೊಬಿಲಿಟಿ, ಬಲಕ್ಕೆ ಸಾಮಾಜಿಕ ಚಲನೆ ಎಂದು ಬರೆಯುತ್ತಾ ಹೋದೆ. ಬಲಗಡೆಯ ಪದಗಳೆಲ್ಲ ಹೆಚ್ಚುಕಡಿಮೆ ನನ್ನ ಬಿ.ಎ. ಸಿದ್ಧಪಾಠಗಳಿಂದ ಬಂದವು. ಕನ್ನಡದಲ್ಲಿ ಗಟ್ಟಿಯಾದ ಪದವಿ ಮಾಡಿರದಿದ್ದರೆ ನಾನು ಇಂಗ್ಲಿಷಿನ ಎಂ.ಎ.ಯನ್ನು ದಾಟುತ್ತಿರಲಿಲ್ಲ ಎಂಬ ವಿಷಯದಲ್ಲಿ ನನಗೆ ಸಂಶಯವಿಲ್ಲ.

ಆದರೂ ನಾಲ್ಕರಲ್ಲಿ ನನ್ನ ಬರವಣಿಗೆಯನ್ನು ಬದಲಿಸಿದ್ದು ಇಗ್ನೋದ ಅಸೈನ್‌ಮೆಂಟುಗಳೇ. ಜಾತಿಯ ಬಗೆಗಿನ ನನ್ನ ಉತ್ತರವೊಂದರ ಅಂಚಿನಲ್ಲಿ ಮೌಲ್ಯಮಾಪಕರು ಕೆಂಪು ಶಾಯಿಯಲ್ಲಿ, ಪುಸ್ತಕದ ಉದಾಹರಣೆ ಸಾಕು, ನಿಮ್ಮ ಸುತ್ತಮುತ್ತಲಿನದನ್ನು ಕೊಡಿ ಎಂಬರ್ಥದ ಒಂದು ಸಾಲು ಬರೆದಿದ್ದರು. ಮುಂದಿನ ಸಲ ನಾನು ನಮ್ಮ ಸಂಘದಲ್ಲೇ ಬೆಳೆಸಾಲ ಪಡೆಯುವವರು ಜಾಮೀನಿಗೆ ಯಾರನ್ನು ಕರೆತರುತ್ತಾರೆ, ಯಾರನ್ನು ಕೇಳಲು ಹಿಂಜರಿಯುತ್ತಾರೆ ಎಂಬುದನ್ನು ಗಮನಿಸಿ ಬರೆದೆ. ಅದುವರೆಗೆ ನಾನು ದಿನಾ ಕೂರುವ ಮೇಜಿನ ಮುಂದೆಯೇ ಸಮಾಜಶಾಸ್ತ್ರ ನಡೆಯುತ್ತಿದೆ ಎಂದು ನನಗೆ ಹೊಳೆದಿರಲಿಲ್ಲ. ಒಂದು ಸಾಲಿನ ಆ ಟಿಪ್ಪಣಿಗೆ ನಾನು ಋಣಿ. ಅಸೈನ್‌ಮೆಂಟನ್ನು ಪೇಟೆಯಲ್ಲಿ ಸಿಗುವ ಸಿದ್ಧ ಉತ್ತರಗಳಿಂದ ನಕಲು ಮಾಡುವವರು ಕಳೆದುಕೊಳ್ಳುವುದು ಇದನ್ನೇ.

ಸ್ವಯಂ ಜಾಲತಾಣದ ಬಗ್ಗೆ ಹೇಳುವುದು ಕಡಿಮೆ. 2017ರಲ್ಲಿ ಆರಂಭವಾದ ಅದರಲ್ಲಿ ಯಾರು ಬೇಕಾದರೂ ಉಚಿತವಾಗಿ ಪಾಠ ಕೇಳಬಹುದು, ಪಿಯುಸಿ ಅಂಕಪಟ್ಟಿಯನ್ನೂ ಯಾರೂ ಕೇಳುವುದಿಲ್ಲ. ಪ್ರಮಾಣಪತ್ರ ಬೇಕೆಂದರೆ ಮಾತ್ರ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು, ನಾನು ಅದಕ್ಕೆ ಕಟ್ಟಿದ್ದು 1000 ರೂಪಾಯಿ. ವಾರದ ಅಸೈನ್‌ಮೆಂಟುಗಳಿಗೆ ಶೇ 25, ಪರೀಕ್ಷೆಗೆ ಶೇ 75. ಐಐಟಿಯ ಪ್ರಾಧ್ಯಾಪಕರ ಪಾಠವನ್ನು ಬಸ್ಸಿನಲ್ಲಿ ಕೂತು ಕೇಳಬಹುದು, ಅರ್ಥವಾಗದಿದ್ದರೆ ಹಿಂದಕ್ಕೆ ಸರಿಸಿ ಮತ್ತೆ ಕೇಳಬಹುದು. ಇಂಗ್ಲಿಷ್ ತಡವರಿಸುವ ನನ್ನಂಥವರಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ನನ್ನ ಕೋರ್ಸಿನ ಪ್ರಶ್ನೆಗಳೆಲ್ಲ ನಾಲ್ಕರಲ್ಲಿ ಒಂದನ್ನು ಆರಿಸುವಂಥವು. ನಾನು ಒಂದು ವಾಕ್ಯವನ್ನೂ ಬರೆಯಲಿಲ್ಲ, ಆದ್ದರಿಂದ ಯಾರೂ ಓದಲಿಲ್ಲ. ಮೊದಲ ಬಾರಿ ನಾಲ್ಕನೆಯ ವಾರಕ್ಕೆ ಬಿಟ್ಟೆ, ಅದೂ ಯಾರಿಗೂ ಗೊತ್ತಾಗಲಿಲ್ಲ. ಎರಡನೆಯ ಬಾರಿ ನಾನೂ ನನ್ನ ಮಗಳೂ ಒಟ್ಟಿಗೆ ನೋಂದಾಯಿಸಿ, ಭಾನುವಾರ ಸಂಜೆ ಇಬ್ಬರೂ ಕೂತು ಆ ವಾರದ ಪ್ರಶ್ನೆಗಳನ್ನು ಬಿಡಿಸಿದ್ದರಿಂದ ಮುಗಿಯಿತು. ಪದವಿ ಇರುವವರು ಒಂದು ಹೊಸ ವಿಷಯ ಕಲಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಪದವಿಯೇ ಇಲ್ಲದವರನ್ನು ಮೊದಲು ಇಲ್ಲಿಗೆ ಕಳಿಸುವುದನ್ನು ನಾನು ಒಪ್ಪುವುದಿಲ್ಲ.

ದೂರಶಿಕ್ಷಣದ ಪದವಿಗೆ ಬೆಲೆ ಇದೆಯೇ ಎಂದು ಕೇಳುವವರಿಗೆ: ಮಾನ್ಯತೆ ಪಡೆದ ಸಂಸ್ಥೆಯಿಂದ ಪಡೆದ ದೂರಶಿಕ್ಷಣದ ಪದವಿಯು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಮಾನ್ಯತೆ ಎಂಬ ಆ ಒಂದು ಪದವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೇ 2013–14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, ಅದು ಮರಳಿ ದೊರೆತದ್ದು 2018ರಲ್ಲಿ. ನಾನು ಅದಕ್ಕೂ ಮುಂಚೆ ಸೇರಿದ್ದರಿಂದ ನನ್ನ ಪದವಿಗೆ ತೊಂದರೆಯಾಗಲಿಲ್ಲ. ಈಗ ಯುಜಿಸಿಯ ದೂರಶಿಕ್ಷಣ ವಿಭಾಗವು ಯಾವ ಸಂಸ್ಥೆಯ ಯಾವ ಕೋರ್ಸಿಗೆ ಯಾವ ವರ್ಷ ಅನುಮತಿ ಇದೆ ಎಂಬುದನ್ನು ಪ್ರಕಟಿಸುತ್ತದೆ. ‘ಒಂದೇ ವರ್ಷದಲ್ಲಿ ಡಿಗ್ರಿ’ ಎಂದು ಬಸ್ ನಿಲ್ದಾಣದ ಕಂಬಕ್ಕೆ ಚೀಟಿ ಅಂಟಿಸುವವರ ಬಳಿ ದುಡ್ಡು ಕಳೆದುಕೊಂಡ ಇಬ್ಬರನ್ನು ನಾನೇ ಬಲ್ಲೆ. ಅವರಿಬ್ಬರಿಗೂ ಓದುವ ಆಸೆ ನನಗಿಂತ ಕಡಿಮೆ ಇರಲಿಲ್ಲ ಎಂಬುದೇ ನನಗೆ ಸಂಕಟ.

ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣವನ್ನು 2035ರ ಹೊತ್ತಿಗೆ ಶೇ 50ಕ್ಕೆ ಏರಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. 2021–22ರ ಸಮೀಕ್ಷೆಯಲ್ಲಿ ಅದು ಶೇ 28.4 ಇತ್ತು. ಈ ಪ್ರಮಾಣವನ್ನು ಎಣಿಸುವುದು 18ರಿಂದ 23 ವರ್ಷದವರ ಜನಸಂಖ್ಯೆಗೆ ಹೋಲಿಸಿ. ನಾನು ಬಿ.ಎ.ಗೆ ಸೇರುವಾಗ ಆ ವಯಸ್ಸು ದಾಟಿತ್ತು. ನನ್ನಂಥವರು ಸೇರುವುದಷ್ಟೇ ಅಲ್ಲ, ಮುಗಿಸಬೇಕೆಂದಾದರೆ ಹೊಸ ಕಟ್ಟಡಗಳೇ ಬೇಕಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಭಾನುವಾರ ಎರಡು ಗಂಟೆ, ಮುಕ್ತ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ನಾಲ್ಕೈದು ಮಂದಿ ಒಟ್ಟಿಗೆ ಕೂತು ಒಬ್ಬರ ಉತ್ತರವನ್ನು ಇನ್ನೊಬ್ಬರು ಓದುವಂತಾದರೆ, ಸಂಜೆ ಕಾಲೇಜಿನಲ್ಲಿ ನನಗೆ ಸಿಕ್ಕಿದ್ದರ ಅರ್ಧವಾದರೂ ಹಳ್ಳಿಯವರಿಗೆ ಸಿಗುತ್ತದೆ. ಅದರ ಜೊತೆಗೆ ಸ್ನಾತಕೋತ್ತರ ಮಟ್ಟದ ಪಾಠಗಳು ಹೆಚ್ಚು ಹೆಚ್ಚಾಗಿ ಕನ್ನಡದಲ್ಲಿ ಬರಬೇಕು.

ಆ ಹುಡುಗಿಗೆ ನಾನು ಹೇಳಿದ್ದು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಕನ್ನಡ ಮಾಧ್ಯಮದ ಬಿ.ಎ. ಇಂಗ್ಲಿಷಿನಲ್ಲಿ ಮಾಡಿದರೆ ಬೆಲೆ ಜಾಸ್ತಿ ಅಲ್ಲವೇ ಎಂದು ಅವಳು ಎರಡು ಸಲ ಕೇಳಿದಳು. ಊಟದ ಬಿಡುವಿನಲ್ಲಿ ಸಮಾಜಶಾಸ್ತ್ರದ ನನ್ನ ಹಳೆಯ ಸಿದ್ಧಪಾಠವನ್ನೂ ಇಗ್ನೋದ ಇಂಗ್ಲಿಷ್ ಪುಸ್ತಕವನ್ನೂ ಅವಳ ಮುಂದಿಟ್ಟು, ಎರಡರಿಂದಲೂ ಒಂದೊಂದು ಪುಟ ಓದಿ, ಓದಿದ್ದನ್ನು ಪುಸ್ತಕ ನೋಡದೆ ನನಗೆ ಹೇಳು ಎಂದೆ. ಕನ್ನಡದ ಪುಟವನ್ನು ಹೇಳುತ್ತಾ ಅವಳು ತಮ್ಮ ಊರಿನ ಜಾತ್ರೆಯ ತೇರು ಎಳೆಯುವ ಸರದಿಯ ವಿಷಯಕ್ಕೆ ಹೋಗಿಬಿಟ್ಟಳು. ಇಂಗ್ಲಿಷಿನದನ್ನು ಹೇಳಲು ಹೋಗಿ ಮೂರನೆಯ ವಾಕ್ಯದಲ್ಲಿ ನಿಲ್ಲಿಸಿದಳು. ಅರ್ಜಿಯಲ್ಲಿ ಮಾಧ್ಯಮ ಎಂದಿದ್ದ ಕಡೆ ಕನ್ನಡ ಎಂದು ಅವಳೇ ಬರೆದಳು. ಎರಡು ಅಂಕಣದ ನನ್ನ ನೋಟುಪುಸ್ತಕವನ್ನು ಎಂ.ಎ.ಗೆ ಬೇಕಾಗುತ್ತದೆಂದು ಈಗಲೇ ಕೇಳಿ ತೆಗೆದುಕೊಂಡು ಹೋಗಿದ್ದಾಳೆ.