ಕಲ್ಲಿನ ಕಟ್ಟೆಯ ಕೆಳಗಿನ ಡಿಶ್‌ವಾಷರ್‌ಗೆ ಪಕ್ಕದ ಬ್ರಾಕೆಟ್: ನನ್ನ ಅನುಭವ

ಪಾತ್ರೆ ತುಂಬಿದ ಕೆಳಗಿನ ರ‍್ಯಾಕನ್ನು ಹೊರಗೆ ಎಳೆದ ಕೂಡಲೇ ನಮ್ಮ ಡಿಶ್‌ವಾಷರ್ ಮುಂದಕ್ಕೆ ವಾಲಿತು. ಹಿಂದಿನ ಕಾಲುಗಳು ನೆಲ ಬಿಟ್ಟಿದ್ದವು. ಎದೆ ಧಸಕ್ಕೆಂದಿತು. ಮನೆಯಲ್ಲಿ ಓಡಾಡುವ ಮಗುವಿದೆ. ತೆರೆದ ಬಾಗಿಲಿನ ಮೇಲೆ ಅದು ಕೈಯೂರಿದ್ದರೆ?

ಯಂತ್ರ ವಾಲದಂತೆ ಹಿಡಿದಿಡಲು ಅದರ ಜೊತೆ ಬಂದ ಬ್ರಾಕೆಟ್‌ಗಳು ಮರದ ಕಟ್ಟೆಗೆ ಕೆಳಗಿನಿಂದ ಸ್ಕ್ರೂ ಹಾಕಲು ಮಾಡಿದವು. ಗ್ರಾನೈಟಿಗೆ ಮರದ ಸ್ಕ್ರೂ ಹಿಡಿಯುವುದಿಲ್ಲ, ರಂಧ್ರ ಕೊರೆಯಲು ಹೋದರೆ ಕಲ್ಲು ಬಿರುಕು ಬಿಡಬಹುದು. ಮೊದಲು ಅಂಟಿನ ಪಟ್ಟಿ ಹಚ್ಚಿದೆವು. ಬಾಗಿಲು ತೆರೆದಾಗಲೆಲ್ಲ ಏಳುವ ಬಿಸಿ ಹಬೆಗೆ ಅದು ಕೆಲವೇ ವಾರಗಳಲ್ಲಿ ಕಿತ್ತುಬಂತು.

ಆಮೇಲೆ ತರಿಸಿದ್ದು ಪಕ್ಕದ ಬ್ರಾಕೆಟ್. ಯಂತ್ರದ ಮೇಲಂಚಿಗೆ ಸಿಕ್ಕಿಸಿ, ಕಿವಿಯಂತಹ ತುದಿಯನ್ನು ಬಗ್ಗಿಸಿ ಅಕ್ಕಪಕ್ಕದ ಕಪಾಟಿನ ಹಲಗೆಗೆ ಸ್ಕ್ರೂ ಹಾಕುವ ಉಕ್ಕಿನ ತುಂಡು, ಅಷ್ಟೇ. ಈಗ ತುಂಬಿದ ರ‍್ಯಾಕನ್ನು ಪೂರ್ತಿ ಎಳೆದರೂ ಯಂತ್ರ ಕದಲುವುದಿಲ್ಲ. ಮನಸ್ಸು ತುಂಬಿ ಮೆಚ್ಚಿದ್ದೇನೆ.

ಒಂದೇ ಕೊರತೆ, ಜೊತೆಗೆ ಕೊಟ್ಟ ಸ್ಕ್ರೂ ಉದ್ದವಾಯಿತು. ನಮ್ಮ ಹಲಗೆ 18 ಮಿ.ಮೀ. ದಪ್ಪ, ಸ್ಕ್ರೂ ಆಚೆ ಬದಿಯ ಡ್ರಾಯರಿನೊಳಗೆ ಮೂತಿ ಚಾಚುತ್ತಿತ್ತು. 16 ಮಿ.ಮೀ. ಸ್ಕ್ರೂ ಬಳಸಿದೆ.

ಸ್ಕ್ರೂ ಹಾಕುವ ಮುನ್ನ ಕಾಲುಗಳನ್ನು ತಿರುಗಿಸಿ ರಸಮಟ್ಟ ಇಟ್ಟು ನೋಡಿ. ನಾನು ಅವಸರದಲ್ಲಿ ಬಿಗಿದೆ, ಚೌಕಟ್ಟು ಓರೆಯಾಗಿ ಬಾಗಿಲು ಒಂದು ಮೂಲೆಯಲ್ಲಿ ಉಜ್ಜತೊಡಗಿತು. ಬಿಚ್ಚಿ, ಮಟ್ಟ ಮಾಡಿ, ಕೈಬಿಗಿಯಷ್ಟೇ ತಿರುಗಿಸಿದ ಮೇಲೆ ಸರಿಹೋಯಿತು. ಎರಡೂ ಪಕ್ಕದಲ್ಲಿ ಗಟ್ಟಿ ಹಲಗೆ ಇರುವವರು ಕಣ್ಣು ಮುಚ್ಚಿ ಇದನ್ನು ಖರೀದಿಸಬಹುದು.